ಎತ್ತಿ ಹೊಯ್ದ ನೀರು

ಜೂನ್ ಒಂದರಿಂದ ಬೋಟುಗಳೆಲ್ಲ ಬೈತಖೋಲದಲ್ಲಿ
ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿವೆ.
ಎಂಜಿನ್ನಿಗೆ ಗ್ರೀಸ್ ಬಳಿದು, ತಾಡಪಾಲು ಹೊದಿಸಿ
ಮನೆಗೆ ಬಂದವನಿಗೆ ಈಗ ಕಾಯಲು ಉಳಿದದ್ದು
ಒಂದು ಸ್ಟೋವ್, ಅದರ ಮೇಲೆ ಐದು ಲೀಟರಿನ ತಪ್ಪಲೆ.

"ಗುಳ್ಳೆ ಬಂದರೆ ಕುದಿಯಿತು ಅಂತಲ್ಲ," ಅಂದಿದ್ದಳು
ಮಣಿಪಾಲದಲ್ಲಿ ಸಿಸ್ಟರ್ ಲವೀನಾ,
"ನೀರು ಮಗುಚಬೇಕು, ಅಡಿಯದು ಮೇಲೆ ಬರಬೇಕು."
ಅದನ್ನು ನನಗೆ ಹೇಳಿಕೊಡಬೇಕಿಲ್ಲ.
ಕಾಳಿ ಕಡಲಿಗೆ ಸೇರುವ ಅಳಿವೆಯಲ್ಲಿ
ಮಗುಚುವ ನೀರನ್ನು ಎಷ್ಟು ಸಲ ಕಂಡಿಲ್ಲ.

ನಮ್ಮ ಬಾವಿ ಗುಡ್ಡದ ಬುಡಕ್ಕೆ.
ನಾಲ್ಕು ಮಳೆ ಬಿತ್ತೆಂದರೆ ಚಹಾದ ಬಣ್ಣ,
ಒಳಗಿಂದ ಕಪ್ಪೆ, ಮೇಲೆ ಯಾರದೋ ಒಂಟಿ ಚಪ್ಪಲಿ.
ನಗರಸಭೆಯವ ಬಿಳಿ ಪುಡಿ ಎಸೆದು ಹೋಗುತ್ತಾನೆ, ತಿರುಗಿ ನೋಡದೆ.
ಮೂವತ್ತು ವರ್ಷ ಅದನ್ನೇ ಕುಡಿದೆವು, ಏನೂ ಆಗಲಿಲ್ಲ.
ಆಗಲಿಲ್ಲ ಅಂದರೆ
ಎರಡು ದಿನ ವಾಂತಿಭೇದಿ, ಒಂದು ಎಳನೀರು, ಮುಗಿಯಿತು.

ಈಗ ಸುಗಂಧಾಳ ರಕ್ತದಲ್ಲಿ ಕಾವಲಿನವರು ಕಡಿಮೆ.
"ಊರು ದೊಡ್ಡದು, ಪೊಲೀಸರು ಇಷ್ಟೇ ಜನ ಅಂದುಕೊಳ್ಳಿ,"
ರಿಪೋರ್ಟಿನ ಅಂಕಿಯ ಮೇಲೆ ಲವೀನಾಳ ಪೆನ್ನು.
ಅಂದಿನಿಂದ ನಾನು ಹುಚ್ಚನಂತಾಗಿದ್ದೇನೆ.
ಪಂಚೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಕುದಿಸಿ, ಮುಚ್ಚಿ,
ಬಾಯಿ ಮುಕ್ಕಳಿಸಲಿಕ್ಕೂ ಅದೇ ನೀರು ಇಟ್ಟು.
ಕೊಡಕ್ಕೆ ಬೆರಳು ಸಮೇತ ಲೋಟ ಅದ್ದಿದ ನಾದಿನಿ
ಮೂರು ದಿನ ಮಾತು ಬಿಟ್ಟಳು. ಬಿಡಲಿ.

ಆದರೆ ಕುಡಿಯಬೇಕಾದವಳೇ ಕುಡಿಯುವುದಿಲ್ಲ.
"ಮೊಳೆ ನೆಕ್ಕಿದ ಹಾಗಿದೆ."
ನಿನ್ನೆಯ ಬಂಗಡೆ ಯಾವುದು, ಇಂದಿನದು ಯಾವುದು
ಬುಟ್ಟಿ ಇಳಿಸುವ ಮೊದಲೇ ಹೇಳುತ್ತಿದ್ದವಳು.
ಲಿಂಬು ಹಿಂಡಿದರೆ ಬಾಯಿಯ ಹುಣ್ಣು ಉರಿಯುತ್ತದೆ,
ಮುರುಗಲು ನೆನೆದರೇ ಕಣ್ಣಲ್ಲಿ ನೀರು,
ಗಂಜಿತಿಳಿ ಎರಡು ಚಮಚಕ್ಕೆ ಸಾಕು.
ಐಸ್ ಚೂರು ಬೇಕಂತೆ, ಧಕ್ಕೆಯ ಫ್ಯಾಕ್ಟರಿಯದು.
"ಅದು ಮೀನಿಗೆ ಮಾಡಿದ್ದೇ," ಅಂದೆ.
"ನಾನು ಮತ್ತೇನು?" ಅಂದಳು.
ಪಾತ್ರೆಯಲ್ಲಿ ಅವಳ ಉಚ್ಚೆ
ಟ್ಯಾಂಕಿನ ತಳದ ಡೀಸೆಲ್ ಬಣ್ಣಕ್ಕೆ ತಿರುಗಿತ್ತು.

ರಾತ್ರಿ ಎಚ್ಚರಾದಾಗ ಹಾಸಿಗೆ ಖಾಲಿ.
ಹಿಂದಿನ ಬಾಗಿಲಲ್ಲಿ, ಹೆಂಚಿನ ಅಂಚಿಗೆ ಬೊಗಸೆ ಒಡ್ಡಿ
ಕೂದಲಿಲ್ಲದ ತಲೆ ನೆನೆಯುತ್ತ ನಿಂತಿದ್ದಳು.
ಪಾಚಿ, ಕಾಗೆ, ಹೆಗ್ಗಣ ಓಡಾಡುವ ಹೆಂಚು.
ಕೈಗೆ ಹೊಡೆದೆ.
ನೀರು ಚೆಲ್ಲಿತು.
"ಇದಕ್ಕೆ ನೀರಿನ ರುಚಿ ಇತ್ತು," ಅಂದಳು, ಅಷ್ಟೇ.
ಹೊಡೆದ ಕೈ ಬೆಳಗಿನವರೆಗೂ ನನ್ನದಾಗಿರಲಿಲ್ಲ.

ಫಕ್ರುವಿನ ಗಾಡಿಯ ಹತ್ತಿರ ಎಲ್ಲ ಹೇಳಿಬಿಟ್ಟೆ.
ಅವನು ಮುಖ ಎತ್ತಲಿಲ್ಲ, ಅವನ ಎರಡು ಮಗ್ಗುಗಳ ನಡುವೆ
ಒಂದು ಮಾರು ಚಹಾ ನಿಂತಿತ್ತು.
"ಕುದಿಸಿದ ನೀರು ಉಸಿರು ಬಿಟ್ಟಿರ್ತದೆ ಗಜೂ.
ಎತ್ತಿ ಹೊಯ್ಯಿ."

ಎರಡು ತಂಬಿಗೆಗಳನ್ನೂ ಕುದಿಸಿದೆ.
ಆರಿದ ನೀರನ್ನು ತಲೆಯ ಮೇಲಿಂದ ಸೊಂಟಕ್ಕೆ,
ಮತ್ತೆ ಸೊಂಟದಿಂದ ತಲೆಗೆ.
ಮೊದಲ ಸಲ ಅರ್ಧ ನೆಲಕ್ಕೆ, ಒಂದಿಷ್ಟು ಅಂಗಿಗೆ.
ಮಂಚದಿಂದ ನೋಡುತ್ತಿದ್ದವಳು
"ಥೂ, ಬಲೆ ಎಸೆದದ್ದು ನಿನ್ನಂಥವರೇ ಏನು?" ಎಂದು
ತುಟಿ ನೋಯದಷ್ಟೇ ನಕ್ಕಳು.
ಇಪ್ಪತ್ತನೆಯ ಸಲಕ್ಕೆ ನೂಲು ನೇರವಾಯಿತು.

ಒಂದು ಗುಟುಕು ಬಾಯಲ್ಲಿಟ್ಟುಕೊಂಡು
ಮಾಡಿನತ್ತ ನೋಡಿದಳು. ಹೊರಗೆ
ಕಾರವಾರವನ್ನೇ ಕಡಲಿಗೆ ದೂಡುವಂಥ ಮಳೆ.
"ಮೊಳೆಯೇ," ಅಂದಳು. "ಆದರೆ ಸಣ್ಣ ಮೊಳೆ."

ಡೀಸೆಲ್ ಲೆಕ್ಕದ ಪುಸ್ತಕ ತೆಗೆದು ಬರೆದೆ:
ಜುಲೈ ಒಂಬತ್ತು. ಸುಗಂಧಾ.
ಅರ್ಧ ಲೋಟ.
ಮತ್ತೆ ಎರಡು ಗುಟುಕು.