ಹನ್ನೊಂದು ಸವಾರಿ

ಕೊರ್ಗುರನ ಬೆನ್ನ ಮೇಲೆ ಇದುವರೆಗೆ ಹನ್ನೊಂದು ಸಲ ಕೂತಿದ್ದೇನೆ.
ಹತ್ತರವರೆಗೂ ಅವನಿಗೆ ನಾನೊಂದು ಮೂಟೆ.
ಹನ್ನೊಂದನೆಯದರಲ್ಲಿ, ಹಳ್ಳದ ಹತ್ತಿರ,
ಲಗಾಮು ಮುಟ್ಟದೆ ಎಡಕ್ಕೆ ಬರೀ ನೋಡಿದೆ.
ಅವನು ತಿರುಗಿದ.

ಈಗ ಬಿಟ್ಟರೆ
ಆ ತಿರುವು ಮಾರ್ಚಿನವರೆಗೆ ಉಳಿದೀತೇ?

ನೆರೆಯ ಕೆತಿಲ್ ಕಾಫಿ ಲೋಟದೊಳಗೇ ಗೊಣಗುತ್ತಾನೆ:
'ನಾಲ್ಕು ವರ್ಷದ್ದಕ್ಕೆ ಕಲಿತದ್ದು ಮೈಗೆ ಹತ್ತೋದು
ಬಿಟ್ಟಾಗಲೇ ಕಣೆ. ಸ್ಕೀರಿಗೆ ಹೆಪ್ಪು ಹಾಕಿ
ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡ್ತೀಯೇನು?'

ಅಕುರೇರಿಯ ಗಿರಾಕಿಗೆ ಫೆಬ್ರವರಿಯಲ್ಲೇ ಬೇಕು.
ಮುಂಗಡ ಬಂದಿದೆ.
ಅರ್ಧ ಖರ್ಚೂ ಆಗಿದೆ.

ನವೆಂಬರ್. ನಾಲ್ಕೂವರೆಗೆಲ್ಲ ಕತ್ತಲು.
ಇನ್ನೊಂದೇ ಸಲ, ಡಜನ್ ಆಗಲಿ ಅಂತ
ತಡಿ ಹೊತ್ತು ಹೋದೆ.
ಪಟ್ಟಿ ಬಿಗಿದರೆ
ಮೊನ್ನೆಯ ತೂತಿಗೆ ಬಕಲ್ ಎಟುಕಲಿಲ್ಲ.
ಹೊಟ್ಟೆಯಡಿ ಕೈಯಾಡಿಸಿದೆ:
ಬೆರಳು ಎರಡನೇ ಗೆಣ್ಣಿನವರೆಗೆ ರೋಮದಲ್ಲಿ ಮುಳುಗಿತು,
ಒಳಗೆ ಅವನದೇ ಬೇರೆ ಹವಾಮಾನ.

ನಾನಿನ್ನೂ ಲೆಕ್ಕ ಹಾಕುತ್ತಿದ್ದೆ.
ಅವನಾಗಲೇ ಚಳಿಗಾಲಕ್ಕೆ
ಹೂಂ ಅಂದುಬಿಟ್ಟಿದ್ದ.

ಲಾಳದ ಮೊಳೆ ಕಿತ್ತು ಎಣಿಸಿದೆ, ಇಪ್ಪತ್ತನಾಲ್ಕು.
ಇಪ್ಪತ್ತಮೂರು ಡಬ್ಬಿಗೆ, ಒಂದು ಎಲ್ಲೋ ಹುಲ್ಲಿಗೆ.
ಗೇಟು ತೆಗೆದರೂ ಹೋಗದೆ
ನನ್ನ ಕೋಟಿನ ಜಿಪ್ಪನ್ನು ಕಚ್ಚುತ್ತ ನಿಂತ.
ಗುಡ್ಡದ ಕಡೆ ಯಾವುದೋ ಹೆಣ್ಣುಕುದುರೆ ಕೆನೆಯಿತು.
ಅಷ್ಟೆ. ನಾನು ಕಲಿಸಿದ ತಿರುವನ್ನು ದಾಟಿ
ಹಳ್ಳವನ್ನು ನೇರ ಹಾರಿದ,
ಬರಿಗಾಲಲ್ಲಿ.

ಗಿರಾಕಿಗೆ ಇನ್ನೂ ಫೋನ್ ಮಾಡಿಲ್ಲ.
ಕಡಿವಾಣದ ಕಬ್ಬಿಣ ನನ್ನ ಜೇಬಿನಲ್ಲಿದೆ,
ಅವನ ಬಾಯಿಗೆ ತಣ್ಣಗಾಗದಿರಲೆಂದು
ಅಭ್ಯಾಸಕ್ಕೆ ಮುಷ್ಟಿಯಲ್ಲಿ ಹಿಡಿದಿದ್ದೇನೆ.