ಬಲಿಪೀಠದ ಮೇಲಿನ ಹಿಕ್ಕೆ

ಶನಿವಾರದ ಕೆಲಸ ನನ್ನದು, ಇಪ್ಪತ್ತಾರು ವರ್ಷದಿಂದ:
ಬಕೆಟ್ಟು, ಕುಂಚ, ಹಳೆಯ ಟವೆಲು, ಮೊಣಕಾಲಿಗೊಂದು ದಿಂಬು.
ನಾರ್ಫೋಕಿನ ಈ ಚಪ್ಪಟೆ ನೆಲದಲ್ಲಿ
ಎತ್ತರವೆಂದರೆ ನಮ್ಮ ಗೋಪುರ ಒಂದೇ.
ಅದರಡಿಯಲ್ಲಿ ಮುನ್ನೂರ ಹನ್ನೊಂದು ಬಾವಲಿ.
ಭಾನುವಾರಕ್ಕೆ ಒಂಬತ್ತು ಜನ.

ಹಾಗಾದರೆ ಇದು ಯಾರ ಸಭೆ
ಎಂದು ಪಾದ್ರಿಯಮ್ಮನನ್ನು ಕೇಳಿದೆ.
ಆರು ಊರಿನ ಚರ್ಚು ಹೊತ್ತವಳು ಹಿಲರಿ,
ಕಾರಿನಲ್ಲೇ ಊಟ, ಕಾರಿನಲ್ಲೇ ಪ್ರಾರ್ಥನೆ.
ನಕ್ಕಳು: ‘ಬಾವಲಿ ಮನೆಗೆ ನಾವೇ ನೆಂಟರು, ಥರ್ಜಾ,
ನೇತಾಡುವುದು ಕಲಿಯೋಣ.’

ನನಗೆ ನಗು ಬರಲಿಲ್ಲ.
ಪ್ರಭುಭೋಜನದ ಬಿಳಿ ಬಟ್ಟೆಗೆ ಉಚ್ಚೆಯ ಹಳದಿ ಉಂಗುರ.
ನೆಲದಲ್ಲಿ ಮಲಗಿದ ಹಿತ್ತಾಳೆಯ ಜಮೀನ್ದಾರನಿಗೂ ಅವನ ಹೆಂಡತಿಗೂ
ಐನೂರು ವರ್ಷದ ಮೇಲೆ ಮೈಲಿಬೇನೆ.
ನನ್ನ ಗಂಡನ ಪೆಟ್ಟಿಗೆ ಇಲ್ಲೇ ಒಂದು ರಾತ್ರಿ ಇತ್ತು.
ಬೆಳಗ್ಗೆ ಅದರ ಮೇಲೆ ಕರಿ ಅಕ್ಕಿಯಂಥ ಕಾಳು. ನಲವತ್ತು. ಎಣಿಸಿದೆ.
ಅಂಗೈಯಲ್ಲಿ ಗುಡಿಸಿದೆ. ಯಾರಿಗೂ ಹೇಳಲಿಲ್ಲ.

ಕಾನೂನು ಬಾವಲಿಯ ಕಡೆ:
ಓಡಿಸುವಂತಿಲ್ಲ, ಬಿರುಕು ಮುಚ್ಚುವಂತಿಲ್ಲ.
ಮೋಶೆಯ ಪಟ್ಟಿಯಲ್ಲಿ ಅದು ಹಕ್ಕಿ, ಅಶುದ್ಧ ಹಕ್ಕಿ.
ಎಣಿಸಲು ಬಂದ ಹುಡುಗ, ಆಂಬ್ರೋಸ್ ಲಿಂಗ್‌ವುಡ್,
‘ಹಕ್ಕಿಯಲ್ಲ, ಮೊಲೆಯೂಡುವ ಜೀವ’ ಎಂದ.
‘ಹಾಗಾದರೆ ಶಾಸ್ತ್ರ ತಪ್ಪೋ?’ ಬೇಕೆಂದೇ ಕೆಣಕಿದೆ.
‘ಮೋಶೆಗೆ ತಿನ್ನಬೇಡಿ ಅನ್ನುವುದಿತ್ತು.
ನನಗೆ ಎಣಿಸುವುದಿದೆ.’
ದೇವರನ್ನು ನಂಬುವುದಿಲ್ಲವಂತೆ.
ಒಳಗೆ ಬರುವಾಗ ಮಾತ್ರ ಟೋಪಿ ತೆಗೆದಿದ್ದ.

ಮೀಟಿಂಗಿನಲ್ಲಿ ಗ್ಯಾರಡ್ ಮೇಜು ಗುದ್ದಿದರು:
‘ಭೂಮಿಯನ್ನು ಆಳಿರಿ ಅಂದ ದೇವರು,
ಬಾವಲಿಗೆ ಬಾಡಿಗೆಗಿರಿ ಅನ್ನಲಿಲ್ಲ.’
ಗುಬ್ಬಿಗೂ ವೇದಿಯ ಬಳಿ ಗೂಡು ಸಿಕ್ಕಿತ್ತಲ್ಲ, ಎಂದರು ಯಾರೋ.
‘ಗುಬ್ಬಿ ಬೇರೆ. ಗುಬ್ಬಿ ಹಗಲಲ್ಲಿ ಬರುತ್ತೆ.’
ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತು.
ನಾವು ಚಹಾಕ್ಕೆ ಹೋದೆವು.

ಜೂನ್. ರಾತ್ರಿ ಹತ್ತಾದರೂ ಕಿಟಕಿಯಲ್ಲಿ ಬೂದಿ ಬೆಳಕು.
ಆಂಬ್ರೋಸನ ಕೈಯಲ್ಲಿ ಸೋಪಿನಷ್ಟು ಪೆಟ್ಟಿಗೆ.
ಗುಂಡಿ ತಿರುಗಿಸಿದ.
ಇಷ್ಟು ವರ್ಷ ನಾನು ಮೊಣಕಾಲೂರಿ
ನಿಶ್ಶಬ್ದ ಅಂದುಕೊಂಡಿದ್ದ ಚರ್ಚು
ಒಣ ಬಟಾಣಿ ತಗಡಿಗೆ ಸುರಿದಂತೆ
ಚಟಪಟ, ಚಟಪಟ, ಚಟಪಟ.
ಒಂದೊಂದೂ ಕೂಗಿ
ಮರಳಿ ಬಂದ ತನ್ನದೇ ಕೂಗಿನಲ್ಲಿ ಕಂಬ ಯಾವುದು ಗಾಳಿ ಯಾವುದು ತಿಳಿದು
ತೊಲೆಯ ಮರದ ದೇವದೂತರ
ಮುರಿದ ರೆಕ್ಕೆಯಡಿ ನುಸುಳಿಹೋಗುತ್ತಿತ್ತು.

ಕೊನೆಯ ತಿಂಗಳು ಆಸ್ಪತ್ರೆಯಲ್ಲಿ ಸೈಲಸ್ ಅಂದಿದ್ದ:
ಕರೆಯುತ್ತಲೇ ಇದ್ದೇನೆ ಥರ್ಜಾ,
ಆ ಕಡೆಯಿಂದ ಏನೂ ಇಲ್ಲ.
ನಾನು ದಿಂಬು ಸರಿಮಾಡಿದ್ದೆ.

ಇದರಿಂದ ಪಾಠ ತೆಗೆಯುವುದು ನನ್ನ ಕೆಲಸವಲ್ಲ.
ಹಿಲರಿ ತೆಗೆದಳು, ಹನ್ನೆರಡು ನಿಮಿಷ, ಚೆನ್ನಾಗಿತ್ತು.
ಪೆಟ್ಟಿಗೆಗೆ ಕೇಳುವುದು ಬಾವಲಿ.
ಇನ್ನೊಂದಕ್ಕೆ ಪೆಟ್ಟಿಗೆ ಇಲ್ಲ. ಅಷ್ಟು ನನಗೂ ಗೊತ್ತು.

ಆಮೇಲಿನ ಶನಿವಾರ ವೇದಿಯ ಕೆಳಗೊಂದು ಮರಿ.
ಬೋಳು ಮೈ, ಮುಚ್ಚಿದ ಕಣ್ಣು, ಒಂದು ಪೆನ್ನಿಯ ತೂಕ,
ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು,
ನನ್ನ ಕಿವಿಗೆ ಏನೂ ಇಲ್ಲ.
ಕೈಗವಸಿತ್ತು. ಚಿಂದಿ ಸಿಗಲಿಲ್ಲ.
ರೊಟ್ಟಿ ಮುಚ್ಚುವ ಬಟ್ಟೆಯಲ್ಲೇ ಎತ್ತಿಕೊಂಡು
ಹುಡುಗ ಹೇಳಿಕೊಟ್ಟಂತೆ, ಏಣಿ ಹತ್ತಿ,
ಒರಟು ಕಲ್ಲಿಗೆ ಅದರ ಉಗುರು ತಗುಲಿಸಿದೆ.
ಎಪ್ಪತ್ತೊಂದರ ವಯಸ್ಸಿಗೆ ಏಣಿ!
ಅಮ್ಮ ಬಂದಳೋ, ಗೂಬೆ ಬಂತೋ,
ಬೆಳಗ್ಗೆ ಕಲ್ಲು ಖಾಲಿ.

ಬಟ್ಟೆ ಎರಡು ಸಲ ಒಗೆದೆ. ಕಲೆ ಪೂರ್ತಿ ಬಿಡಲಿಲ್ಲ.
ಗ್ಯಾರಡ್ ಕಣ್ಣಿಗೆ ಬೀಳದಂತೆ ಒಳಮಡಿಕೆಗೆ ಸೇರಿಸಿ
ರೊಟ್ಟಿಯ ಮೇಲೆ ಹೊದಿಸಿದೆ.
ಒಂಬತ್ತು ಜನವೂ ಕೈಚಾಚಿದರು.
ಮೊದಲು ಗ್ಯಾರಡ್.