ಖುಬೆ

ಕಾಳಿ ಸೇತುವೆಯ ನಟ್ಟನಡುವೆ
"ಬಸ್ಸು ನಿಲ್ಸಿ" ಅಂತ ಕಿರುಚಿದವಳು ನಾನೇ.
ಹನ್ನೊಂದು ತಿಂಗಳಾಯಿತು.
ಬೆರಳೆಲ್ಲ ಜೋಮು, ಗಂಟಲಿಗೆ ಗಾಳಿ ಸಾಲದು;
ಆಸ್ಪತ್ರೆಯ ಚೀಟಿ ಮಾತ್ರ
ಹೃದಯ ಸರಿಯಿದೆ ಅಂದಿತು.

ಆಮೇಲೆ ಮೀನು ತರುವ ಕೆಲಸ ಇವರದು,
ಕಿವಿರು ಎತ್ತಿ ನೋಡಲೂ ಬಾರದವರು.
ತಂದದ್ದನ್ನು ತಿಂದೆವು.

ಮೊದಲು ಗುಡ್ಡದ ಕೆಳಗಿನ ಸ್ಟಾಪಿನವರೆಗೆ ನಡೆದು ಬಂದೆ.
ಇನ್ನೊಂದು ದಿನ ಹತ್ತಿದೆ, ಹೊರಡುವ ಮೊದಲೇ ಇಳಿದೆ.
ಕಂಡಕ್ಟರ್ ಚಿಲ್ಲರೆ ವಾಪಸು ಕೊಟ್ಟ,
ಏನೂ ಕೇಳಲಿಲ್ಲ.

ಇವತ್ತು ಕಾರವಾರದ ಮೀನುಪೇಟೆಯಲ್ಲಿ ಚಂದ್ರಭಾಗಿ
"ಎಲ್ಲಿ ಸತ್ತಿದ್ದೆ ಬಾಯಿ, ಇಷ್ಟು ದಿನ?" ಅಂದಳು.
ಹೇಳಬೇಕೆಂದಿದ್ದೆ. ಬದಲಿಗೆ
ಖುಬೆಯ ಪಾಲು ಸಣ್ಣದಾಯಿತೆಂದು ಜಗಳ ತೆಗೆದೆ,
ಬಾಯ್ತುಂಬ, ಹತ್ತು ರೂಪಾಯಿಗಾಗಿ.
ಸೋತೆ. ಆದರೂ ಮೇಲೊಂದು ಹಿಡಿ ಸುರಿದಳು.

ತಿರುಗಿ ಬರುವಾಗ ಚೀಲ ಸೋರಿ
ಪಕ್ಕದವಳ ಸೀರೆಯಂಚು ಒದ್ದೆ.
ಅವಳು ಬೈಯುತ್ತಿದ್ದಳು, ನಾನು ಒರೆಸುತ್ತಿದ್ದೆ,
ತಲೆಯೆತ್ತಿದರೆ ಸದಾಶಿವಗಡ.
ಸೇತುವೆ ಯಾವಾಗ ಮುಗಿಯಿತು?

ಸಂಜೆ ಎದೆ ಒಮ್ಮೆ ಡವಗುಟ್ಟಿತು.
ಇರು, ಅಂದೆ,
ಕಾಯಿ ತುರಿಯುವುದಿದೆ.